ಹಾಲ್‌ನಲ್ಲೂ ಅಡುಗೆಮನೆಯಲ್ಲೂ ಒಂದೇ ಏಟಿಗೆ: ಮನೆಯ ಹಲವು ಕಂಪ್ಯೂಟರುಗಳಲ್ಲಿ ಹಾಡನ್ನು ಹೊಂದಿಸುವ ಬಗೆ

ಎರಡು ಲ್ಯಾಪ್‌ಟಾಪಿನಲ್ಲಿ ಒಂದೇ ರೇಡಿಯೊ ಸ್ಟ್ರೀಮ್ ತೆರೆದು, ಒಂದು ಎರಡು ಮೂರು ಎಂದು ಎಣಿಸಿ ಒಟ್ಟಿಗೆ ಪ್ಲೇ ಒತ್ತಿ ನೋಡಿ. ಹಾಲ್‌ನಲ್ಲಿ ಮುಗಿದ ವಾಕ್ಯ ಅಡುಗೆಮನೆಯಲ್ಲಿ ಇನ್ನೂ ಶುರುವಾಗುತ್ತಿರುತ್ತದೆ. ಪ್ರತಿ ಪ್ಲೇಯರ್ ತನಗೆ ಬೇಕೆನಿಸಿದಷ್ಟು ಡೇಟಾ ಕೂಡಿಟ್ಟುಕೊಂಡ ಮೇಲೆಯೇ ಬಾಯಿ ಬಿಡುತ್ತದೆ, ಎಷ್ಟು ಕೂಡಿಡಬೇಕು ಎಂಬುದು ಅದರ ಮರ್ಜಿ. ಒಂದನ್ನು ಚೂರು ತಡೆದು ಇನ್ನೊಂದಕ್ಕೆ ಕೈಯಿಂದಲೇ ಹೊಂದಿಸಿದಿರಿ ಎನ್ನಿ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಜಾರಿರುತ್ತದೆ. ಈ ಜಾರುವಿಕೆಗೆ ಎಲ್ಲರೂ ವೈ-ಫೈಯನ್ನು ಬೈಯುತ್ತಾರೆ. ನಿಜವಾದ ಕಾರಣ ಸೌಂಡ್ ಕಾರ್ಡಿನೊಳಗಿನ ಗಡಿಯಾರ.

ಗಡಿಯಾರದ ಲೆಕ್ಕ

ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಕ್ಷಣದ ಅಳತೆ) ನುಡಿಸಬೇಕು ಎಂದು ಕಂಪ್ಯೂಟರ್ ಹೇಳುತ್ತದೆ. ಒಂದು ಸೆಕೆಂಡ್ ಎಂದರೆ ಎಷ್ಟು ಎಂದು ನಿರ್ಧರಿಸುವುದು ಮಾತ್ರ ಸೌಂಡ್ ಕಾರ್ಡಿನಲ್ಲಿ ಕೂತ ಪುಟ್ಟ ಹರಳು. ಅಗ್ಗದ ಕಾರ್ಡುಗಳಲ್ಲಿ ಅದು ಹತ್ತು ಲಕ್ಷಕ್ಕೆ 50ರಷ್ಟು ಆಚೀಚೆ ಇರುವುದು ಮಾಮೂಲು. ಒಂದು ಕಾರ್ಡ್ 50 ವೇಗ, ಇನ್ನೊಂದು 50 ನಿಧಾನ ಎಂದುಕೊಂಡರೆ ನಡುವಿನ ಅಂತರ ಹತ್ತು ಲಕ್ಷಕ್ಕೆ 100. ಸೆಕೆಂಡಿಗೆ 0.1 ಮಿಲಿಸೆಕೆಂಡ್, ನಿಮಿಷಕ್ಕೆ 6, ಗಂಟೆಗೆ 360. ಮೂರು ನಿಮಿಷದ ಹಾಡಿನಲ್ಲಿ ಗೊತ್ತಾಗದೆ ಹೋಗಬಹುದು, ಒಂದು ಕಛೇರಿಯ ರೆಕಾರ್ಡಿಂಗ್ ಹಾಕಿದರೆ ಪಲ್ಲವಿಯ ಹೊತ್ತಿಗೆ ಒಂದೇ ಮೃದಂಗ ಎರಡಾಗಿರುತ್ತದೆ.

ಎಷ್ಟು ವ್ಯತ್ಯಾಸ ಸಹ್ಯ? ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರ ನಡೆದರೆ ನೀವೇ 10 ಮಿಲಿಸೆಕೆಂಡ್ ತಡ ಸೇರಿಸಿಕೊಂಡಿರಿ. ಎರಡು ಕಡೆಯಿಂದ ಬರುವ ಒಂದೇ ಶಬ್ದದ ನಡುವೆ ಸುಮಾರು 30 ಮಿಲಿಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಕಿವಿ ಸಾಮಾನ್ಯವಾಗಿ ಎರಡನ್ನೂ ಬೆಸೆದು ಒಂದೇ ಎಂದು ಕೇಳುತ್ತದೆ, ಮೊದಲು ತಲುಪಿದ ದಿಕ್ಕಿನಿಂದಲೇ ಬಂತು ಎಂದುಕೊಳ್ಳುತ್ತದೆ. 1949ರಲ್ಲಿ ಇದನ್ನು ಅಳೆದ ಹೆಲ್ಮುಟ್ ಹಾಸ್ ಹೆಸರಲ್ಲೇ ಇದನ್ನು ಹಾಸ್ ಪರಿಣಾಮ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾದರೆ ಪ್ರತಿಧ್ವನಿ. ಮೃದಂಗ, ಘಟದಂಥ ಚೂಪಾದ ಪೆಟ್ಟಿಗೆ ಆ ಮಿತಿ ಇನ್ನೂ ಕೆಳಗಿದೆ.

ಹಾಗೆಂದು 30ರೊಳಗೆ ತಂದು ಕೈ ತೊಳೆದುಕೊಳ್ಳುವಂತಿಲ್ಲ. ಎರಡೂ ಸ್ಪೀಕರ್ ಕೇಳುವ ಬಾಗಿಲ ಬಳಿ ನಿಂತಾಗ 1 ಮಿಲಿಸೆಕೆಂಡ್ ಅಂತರವಿದ್ದರೆ 500, 1500, 2500 ಹರ್ಟ್ಸ್‌ನ ಆಸುಪಾಸು ಎರಡರ ಅಲೆಗಳು ಒಂದನ್ನೊಂದು ಕಡಿದುಹಾಕುತ್ತವೆ. ದನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಆ ಅಂತರ ಸ್ಥಿರವಾಗಿದ್ದರೆ ಕಿವಿ ಒಗ್ಗಿಕೊಳ್ಳುತ್ತದೆ, ಸರಿಯುತ್ತಲೇ ಇದ್ದರೆ ತಂಬೂರಿಯ ಶ್ರುತಿಯಲ್ಲಿ ಗಾಳಿ ಬೀಸಿದ ಹಾಗೆ ಸುಯ್ ಎನ್ನುತ್ತದೆ. ಹೊಂದಿಕೆ ಪರೀಕ್ಷಿಸಲು ಎರಡೇ ರೆಕಾರ್ಡಿಂಗ್ ಸಾಕು: ಒಂದು ಮೃದಂಗದ ತನಿ ಆವರ್ತನ, ಒಂದು ಬರೀ ತಂಬೂರಿ. ಮೊದಲನೆಯದು ದೊಡ್ಡ ತಡವನ್ನು, ಎರಡನೆಯದು ಸಣ್ಣ ಜಾರುವಿಕೆಯನ್ನು ಹಿಡಿದುಕೊಡುತ್ತದೆ. ಕೊಳಲಿನಲ್ಲಿ ಎರಡೂ ಅಡಗಿಹೋಗುತ್ತವೆ.

ಪರಿಹಾರದ ತತ್ವ ಸರಳ. ಒಂದು ಕಂಪ್ಯೂಟರ್ ಯಜಮಾನ. ಅದು ಧ್ವನಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಮೇಲೂ ತನ್ನ ಗಡಿಯಾರದ ಸಮಯದ ಮುದ್ರೆ ಒತ್ತಿ ಕಳಿಸುತ್ತದೆ. ಉಳಿದವು ಆಗಾಗ 'ನಿನ್ನಲ್ಲಿ ಈಗ ಎಷ್ಟು ಗಂಟೆ' ಎಂದು ಅದನ್ನೇ ಕೇಳಿ ವ್ಯತ್ಯಾಸ ಲೆಕ್ಕಹಾಕಿಕೊಂಡು, ಮುದ್ರೆಯ ಸಮಯಕ್ಕೆ ಸರಿಯಾಗಿ ಒಂದು ಸೆಕೆಂಡ್ ಬಿಟ್ಟು ಆ ತುಂಡನ್ನು ನುಡಿಸುತ್ತವೆ. ಆ ಒಂದು ಸೆಕೆಂಡಿನ ಕೂಡಿಕೆಯೊಳಗೆ ನೆಟ್‌ವರ್ಕಿನ ಏರುಪೇರೆಲ್ಲ ಮುಳುಗುತ್ತದೆ. ಇಷ್ಟನ್ನೂ ಮಾಡುವ, ಉಚಿತವಾಗಿ ಸಿಗುವ ತಂತ್ರಾಂಶ ಸ್ನ್ಯಾಪ್‌ಕಾಸ್ಟ್. ಅದರ ಕ್ಲೈಂಟ್ (ಕೋಣೆಯಲ್ಲಿ ಹಾಡು ನುಡಿಸುವ ಭಾಗ) ಹಿಂದೆ ಬಿದ್ದಾಗ ಒಂದು ಸ್ಯಾಂಪಲ್ ಬಿಟ್ಟುಬಿಡುತ್ತದೆ, ಮುಂದೆ ಓಡಿದಾಗ ಒಂದನ್ನು ಎರಡು ಸಲ ನುಡಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ ಸುಮಾರು 0.02 ಮಿಲಿಸೆಕೆಂಡ್, ಕಿವಿಗೆ ಬೀಳದು. ಸಾಮಾನ್ಯವಾಗಿ ಕ್ಲೈಂಟುಗಳ ನಡುವಿನ ವ್ಯತ್ಯಾಸ 0.2 ಮಿಲಿಸೆಕೆಂಡಿನೊಳಗೇ ಇರುತ್ತದೆ.

ರೇಡಿಯೊ ಸ್ಟ್ರೀಮ್ ಹಂಚುವ ಐಸ್‌ಕಾಸ್ಟ್, ಟಿವಿಗಳಲ್ಲಿ ಕಾಣುವ ಡಿಎಲ್‌ಎನ್‌ಎ ಇವೆರಡಕ್ಕೂ ಈ ಮುದ್ರೆಯ ವ್ಯವಸ್ಥೆ ಇಲ್ಲ, ಹೊಂದಿಕೆಗೆ ಅವನ್ನು ನಂಬಬೇಡಿ. ಲಿನಕ್ಸ್‌ನ ಧ್ವನಿ ವ್ಯವಸ್ಥೆ ಪಲ್ಸ್‌ಆಡಿಯೊದ ಮಲ್ಟಿಕಾಸ್ಟ್ ಆರ್‌ಟಿಪಿ (ಒಂದೇ ಪ್ಯಾಕೆಟ್ಟನ್ನು ಒಮ್ಮೆಗೇ ಎಲ್ಲರಿಗೂ ಕಳಿಸುವ ಬಗೆ) ತಂತಿಯ ನೆಟ್‌ವರ್ಕಿನಲ್ಲಿ ನಡೆದೀತು. ವೈ-ಫೈಯಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ಟುಗಳು ಕೆಳದರ್ಜೆಯ ವೇಗದಲ್ಲಿ, ತಲುಪಿತೆಂಬ ಖಾತ್ರಿಯೂ ಇಲ್ಲದೆ ಹೋಗುವುದರಿಂದ ಹಾಡು ಚೂರುಚೂರಾಗುತ್ತದೆ, ಮನೆಯ ಉಳಿದ ಇಂಟರ್ನೆಟ್ಟೂ ಕುಂಟುತ್ತದೆ. ಮನೆ ತುಂಬ ಆಪಲ್ ಸಾಧನಗಳೇ ಇದ್ದರೆ ಏರ್‌ಪ್ಲೇ ಸಾಕು, ಈ ಉಸಾಬರಿ ಬೇಡ.

ಏನೇನು ಬೇಕು

ಸರ್ವರಿಗೆ, ಅಂದರೆ ಮೇಲೆ ಹೇಳಿದ ಯಜಮಾನನಿಗೆ, ಸದಾ ಆನ್ ಇರುವ ಒಂದು ಲಿನಕ್ಸ್ ಯಂತ್ರ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಧಾರಾಳ. ಲಾಗಿನ್‌ಡಿ ಡಾಟ್ ಕಾನ್ಫ್ ಕಡತದಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬುದಕ್ಕೆ ಇಗ್ನೋರ್ ಎಂದು ಕೊಟ್ಟರೆ ಮುಚ್ಚಳ ಮುಚ್ಚಿ ಶೆಲ್ಫಿನಲ್ಲಿ ನಿಲ್ಲಿಸಬಹುದು. ಉಬ್ಬಿದ ಬ್ಯಾಟರಿ ಇದ್ದರೆ ಮೊದಲು ತೆಗೆದುಹಾಕಿ.

ಪ್ರತಿ ಕೋಣೆಗೂ ಒಂದು ಕ್ಲೈಂಟ್. ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ 3 ಅಥವಾ 4 ಆದರೆ 3.5 ಮಿಲಿಮೀಟರ್ ಹೆಡ್‌ಫೋನ್ ತೂತು ಅದರಲ್ಲೇ ಇದೆ, ಗುಣಮಟ್ಟ ಸಾಧಾರಣ. ಪೈ 5ರಲ್ಲೂ ಝೀರೋ 2 ಡಬ್ಲ್ಯೂನಲ್ಲೂ ಆ ತೂತೇ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಝೀರೋಗೆ ಮೈಕ್ರೊ ಯುಎಸ್‌ಬಿಯಿಂದ ದೊಡ್ಡ ಯುಎಸ್‌ಬಿಗೆ ಹೋಗುವ ಒಟಿಜಿ ತುಂಡು ವೈರ್ ಬೇಕೆಂಬುದನ್ನು ಅಂಗಡಿಯಲ್ಲೇ ನೆನಪಿಡಿ. ಹಳೆಯ ಆಂಡ್ರಾಯ್ಡ್ ಫೋನೂ ಸ್ನ್ಯಾಪ್‌ಕಾಸ್ಟ್ ಕ್ಲೈಂಟ್ ಆಗಬಲ್ಲದು, ಆದರೆ ಬ್ಯಾಟರಿ ಉಳಿತಾಯದ ನೆಪದಲ್ಲಿ ಫೋನ್ ಅದನ್ನು ನಡುವೆ ಕೊಲ್ಲದಂತೆ ಆ ಆಪ್‌ಗೆ ವಿನಾಯಿತಿ ಕೊಡಬೇಕು.

ಸ್ಪೀಕರಿಗೆ ಆಕ್ಸ್ ವೈರೇ ಇರಲಿ. ಬ್ಲೂಟೂತ್ ಸ್ಪೀಕರ್ ನೂರರಿಂದ ಇನ್ನೂರೈವತ್ತು ಮಿಲಿಸೆಕೆಂಡ್ ತಡ ಸೇರಿಸುತ್ತದೆ. ತಡ ಇರುವುದು ತೊಂದರೆಯಲ್ಲ, ಸಂಪರ್ಕ ಕಡಿದು ಕೂಡಿದಾಗಲೆಲ್ಲ ಆ ತಡ ಬೇರೆಯಾಗುವುದು ತೊಂದರೆ. ಹಲವು ಬ್ಲೂಟೂತ್ ಸ್ಪೀಕರುಗಳ ಹಿಂಭಾಗದ ರಬ್ಬರ್ ಮುಚ್ಚಳದಡಿ ಆಕ್ಸ್ ತೂತು ಇರುತ್ತದೆ, ಹುಡುಕಿ.

ಒಂದು ಆಸೆಯನ್ನು ಇಲ್ಲೇ ಬಿಟ್ಟುಬಿಡುವುದು ಒಳ್ಳೆಯದು: ಒಂದೇ ಕೋಣೆಯ ಎಡ ಸ್ಪೀಕರನ್ನು ಒಂದು ಪೈಗೂ ಬಲ ಸ್ಪೀಕರನ್ನು ಇನ್ನೊಂದಕ್ಕೂ ಕಟ್ಟಿ ಸ್ಟೀರಿಯೊ ಮಾಡುವ ಆಸೆ. ಎಡಕಿವಿ ಬಲಕಿವಿಗೆ ಶಬ್ದ ತಲುಪುವ ಅಂತರ ಗರಿಷ್ಠವೆಂದರೂ 0.7 ಮಿಲಿಸೆಕೆಂಡಿನ ಒಳಗೆ. ಅದರಲ್ಲಿ 0.2 ಅಲ್ಲಾಡಿದರೂ ಹಾಡುಗಾರರು ನಡುವಿನಿಂದ ಎದ್ದು ಪಕ್ಕಕ್ಕೆ ಹೋಗಿ ಕೂರುತ್ತಾರೆ. ಸ್ಟೀರಿಯೊ ಜೋಡಿ ಯಾವತ್ತೂ ಒಂದೇ ಸೌಂಡ್ ಕಾರ್ಡಿಗೆ.

ಮೊದಲು ನೆಟ್‌ವರ್ಕ್

ಕುಗ್ಗಿಸದ ಧ್ವನಿ ಎಷ್ಟು ಜಾಗ ತಿನ್ನುತ್ತದೆ ಎಂದು ಲೆಕ್ಕ ಹಾಕಿ: 48,000 ಸ್ಯಾಂಪಲ್, 16 ಬಿಟ್, 2 ಚಾನೆಲ್, ಗುಣಿಸಿದರೆ ಸೆಕೆಂಡಿಗೆ 1.536 ಮೆಗಾಬಿಟ್. ಐದು ಕೋಣೆಗೆ ಎಂಟು ಮೆಗಾಬಿಟ್ಟೂ ಆಗುವುದಿಲ್ಲ. ಸ್ನ್ಯಾಪ್‌ಕಾಸ್ಟ್ ತಾನಾಗಿಯೇ ಫ್ಲ್ಯಾಕ್ ಎಂಬ, ಗುಣಮಟ್ಟ ಕೆಡದ ಬಗೆಯಲ್ಲಿ ಕುಗ್ಗಿಸುವುದರಿಂದ ಇನ್ನೂ ಕಡಿಮೆ. ಹಾಗಾಗಿ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ, ಮನೆಯೊಳಗಿನ ದಾರಿ ನೆಟ್ಟಗಿರಬೇಕು.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ಎರಡು ರೌಟರಿನಲ್ಲಿ. ಫೈಬರ್ ಹಾಕಿದವರು ಕೊಟ್ಟ ಡಬ್ಬದಲ್ಲೇ ಒಂದು ರೌಟರ್ ಇರುತ್ತದೆ, ಮಹಡಿಗೆ ಸಿಗ್ನಲ್ ಸಾಲದೆಂದು ನಾವು ಇನ್ನೊಂದು ತಂದು ಅದರ ವ್ಯಾನ್ ತೂತಿಗೆ (ಹೊರಗಿನ ಇಂಟರ್ನೆಟ್ಟಿಗೆಂದು ಇರುವುದು) ವೈರ್ ಚುಚ್ಚುತ್ತೇವೆ. ಆಗ ಕೆಳಗಿನವರದು ಒಂದು ಊರು, ಮೇಲಿನವರದು ಇನ್ನೊಂದು ಊರು. ಕೆಳಗಿನ ಲ್ಯಾಪ್‌ಟಾಪಿನ ವಿಳಾಸ 192.168.1 ಎಂದು ಶುರುವಾಗಿ ಮೇಲಿನ ಪೈ 192.168.0 ಎಂದು ತೋರಿಸಿದರೆ ಇದೇ ರೋಗ. ಮೇಲಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆ ಮೋಡ್ ಇಲ್ಲದ ಹಳೆಯ ರೌಟರಾದರೆ ಅದರ ಸ್ವಂತ ವಿಳಾಸವನ್ನು ಮೊದಲನೆಯದರ ಸಾಲಿನಲ್ಲಿ ಬಳಕೆಯಾಗದ ಒಂದಕ್ಕೆ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೇವೆ) ಆಫ್ ಮಾಡಿ, ವೈರನ್ನು ವ್ಯಾನ್ ಬಿಟ್ಟು ಲ್ಯಾನ್ ತೂತಿಗೆ ಚುಚ್ಚಿ.

ಗೆಸ್ಟ್ ವೈ-ಫೈಗೆ ಯಾವ ಕ್ಲೈಂಟನ್ನೂ ಸೇರಿಸಬೇಡಿ, ಅಲ್ಲಿರುವ ಸಾಧನಗಳು ಮನೆಯ ಉಳಿದವನ್ನು ನೋಡಲಾರವು. ಸಾಧನಗಳನ್ನು ಒಂದಕ್ಕೊಂದು ಕಾಣದಂತೆ ಮಾಡುವ ಎಪಿ ಐಸೊಲೇಶನ್ ಎಂಬ ಗುರುತು ಎಲ್ಲಾದರೂ ಇದ್ದರೆ ತೆಗೆಯಿರಿ. ಸರ್ವರಿಗೆ ರೌಟರಿನಲ್ಲೇ ಒಂದು ಖಾಯಂ ವಿಳಾಸ ಕಾದಿರಿಸಿ, ಈ ಬರಹದಲ್ಲಿ ಅದು 192.168.1.10 ಎಂದಿಟ್ಟುಕೊಳ್ಳೋಣ. ಸರ್ವರ್ ರೌಟರಿಗೆ ಲ್ಯಾನ್ ವೈರಿನಿಂದಲೇ ಕೂಡಿರಲಿ. ಇದೊಂದನ್ನು ಮಾಡಿದರೆ ಪ್ರತಿ ಪ್ಯಾಕೆಟ್ ಎರಡು ಸಲ ಗಾಳಿಯಲ್ಲಿ ಹಾರುವುದು ತಪ್ಪಿ, ವೈ-ಫೈ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ.

ವೈ-ಫೈ ಪವರ್ ಸೇವ್ ಇನ್ನೊಂದು ಕಳ್ಳ. ಪೈಯ ವೈ-ಫೈ ಚಿಪ್ ನಡುನಡುವೆ ತೂಕಡಿಸುತ್ತದೆ. ಕ್ಲೈಂಟ್ ಗಂಟೆ ಕೇಳಿದಾಗ ಹೋಗುವ ದಾರಿಗೂ ಬರುವ ದಾರಿಗೂ ಸಮ ಸಮಯ ಹಿಡಿಯಿತು ಎಂದು ಭಾವಿಸಿಯೇ ಲೆಕ್ಕ ಹಾಕುತ್ತದೆ. ಬರುವಾಗ ಮಾತ್ರ 10 ಮಿಲಿಸೆಕೆಂಡ್ ಹೆಚ್ಚಾದರೆ ಲೆಕ್ಕ 5 ಮಿಲಿಸೆಕೆಂಡ್ ತಪ್ಪುತ್ತದೆ. ಹಲವು ಉತ್ತರಗಳ ನಡುವಿನ ಬೆಲೆ ಹಿಡಿಯುವುದರಿಂದ ಒಂದೆರಡು ತಪ್ಪು ಉತ್ತರ ಬಾಧಿಸದು, ಯಾವಾಗಲೂ ತೂಕಡಿಸಿದರೆ ಬಾಧಿಸುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಇರುವ ಯಂತ್ರದಲ್ಲಿ ವೈಫೈ ಡಾಟ್ ಪವರ್‌ಸೇವ್ ಎಂಬುದಕ್ಕೆ 2 ಎಂದು ಕೊಟ್ಟರೆ ಅದು ಆರುತ್ತದೆ.

ಪರೀಕ್ಷೆ: ಕ್ಲೈಂಟಿನಿಂದ ಸರ್ವರಿಗೆ ನೂರು ಸಲ ಪಿಂಗ್ ಮಾಡಿ (ಪ್ಯಾಕೆಟ್ ಹೋಗಿ ಬರುವ ಸಮಯ ತೋರಿಸುವ ಆಜ್ಞೆ). ಸರಾಸರಿ ನೋಡಬೇಡಿ, ಗರಿಷ್ಠ ನೋಡಿ. 2ರಿಂದ 10 ಮಿಲಿಸೆಕೆಂಡಿನಲ್ಲಿ ಬರುವುದರ ನಡುವೆ ಆಗೊಮ್ಮೆ ಈಗೊಮ್ಮೆ 80 ಬಂದರೆ ಚಿಂತೆಯಿಲ್ಲ. 900, 1,500 ಬರುತ್ತಿದ್ದರೆ ಒಂದು ಸೆಕೆಂಡಿನ ಕೂಡಿಕೆಯೂ ಸಾಲದು. ಝೀರೋ 2 ಡಬ್ಲ್ಯೂಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗತಿಯಿಲ್ಲ, ಹಾಗಾಗಿ ರೌಟರಿನಲ್ಲಿ ಚಾನೆಲ್ 1, 6, 11ರಲ್ಲಿ ನೆರೆಹೊರೆಯವರು ಕಡಿಮೆ ಇರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಅಡುಗೆಮನೆಯ ಪೈಯನ್ನು ಮೈಕ್ರೋವೇವ್ ಒಲೆಯ ಪಕ್ಕ ಇಡಬೇಡಿ. ಎರಡೂ ಒಂದೇ ತರಂಗದ ಮೇಲೆ ನಡೆಯುತ್ತವೆ.

ಸರ್ವರ್ ಹೂಡುವುದು

ಮುಂದಿನ ಆಜ್ಞೆಗಳು, ಕಡತದ ಹೆಸರುಗಳು ಉಚ್ಚಾರಣೆಯಂತೆ ಕನ್ನಡದಲ್ಲಿವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಿ, ಹೋಸ್ಟ್‌ಐಡಿಯ ಐಡಿಗೆ ದೊಡ್ಡಕ್ಷರ. ಡೆಬಿಯನ್, ಉಬುಂಟು, ರಾಸ್‌ಬೆರಿ ಪೈ ಓಎಸ್ ಮೂರಕ್ಕೂ ಇದೇ ಸಾಲು:

ಸುಡೋ ಆಪ್ಟ್ ಇನ್‌ಸ್ಟಾಲ್ ಸ್ನ್ಯಾಪ್‌ಸರ್ವರ್ ಎಂಪಿಡಿ ಎಂಪಿಸಿ

ಎಂಪಿಡಿ ಹಾಡುವ ಯಂತ್ರ, ಎಂಪಿಸಿ ಅದರ ರಿಮೋಟ್. ಸ್ನ್ಯಾಪ್‌ಸರ್ವರ್ ತಾನಾಗಿ ಹಾಡು ತೆರೆಯುವುದಿಲ್ಲ, ಯಾರೋ ಸುರಿದದ್ದನ್ನು ಹಂಚುತ್ತದೆ. ಸುರಿಯುವ ಜಾಗಕ್ಕೆ ಪೈಪ್ ಎನ್ನುತ್ತಾರೆ. ಮೊದಲಿಗೆ ಅದು ಟೆಂಪ್ ಫೋಲ್ಡರಿನ ಸ್ನ್ಯಾಪ್‌ಫೈಫೋ.

ಇಲ್ಲೇ ಬಹಳ ಜನ ಒಂದು ಸಂಜೆ ಕಳೆಯುತ್ತಾರೆ. ಎರಡೂ ಓಡುತ್ತಿವೆ, ಎಂಪಿಡಿ ಹಾಡು ಶುರುವಾಗಿದೆ ಅನ್ನುತ್ತದೆ, ಸದ್ದೇ ಇಲ್ಲ, ಲಾಗಿನಲ್ಲಿ ಪರ್ಮಿಶನ್ ಡಿನೈಡ್. ಪೈಪಿನ ಅನುಮತಿ ನೋಡಿದರೆ ಎಲ್ಲರಿಗೂ ಬರೆಯಬಹುದು ಎಂದಿರುತ್ತದೆ. ಕಾರಣ, ಲಿನಕ್ಸ್ ಕರ್ನಲ್‌ನ ಪ್ರೊಟೆಕ್ಟೆಡ್ ಫೈಫೋಸ್ ಎಂಬ ಕಾವಲು: ಟೆಂಪ್‌ನಂಥ ಸಾರ್ವಜನಿಕ ಫೋಲ್ಡರಿನಲ್ಲಿ ಒಬ್ಬರು ಮಾಡಿದ ಪೈಪಿಗೆ ಇನ್ನೊಬ್ಬರು ಸುರಿಯಲು ಹೋದರೆ ಅದು ತಡೆಯುತ್ತದೆ. ಆ ಕಾವಲನ್ನೇ ಕಿತ್ತುಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರ ಬದಲು ಪೈಪನ್ನೇ ಸ್ಥಳಾಂತರಿಸಿ. ಎಸ್‌ಆರ್‌ವಿ ಫೋಲ್ಡರಿನೊಳಗೆ ಸ್ನ್ಯಾಪ್ ಎಂಬ ಹೊಸ ಫೋಲ್ಡರ್ ಮಾಡಿ, ಸ್ನ್ಯಾಪ್‌ಸರ್ವರ್ ಯಾವ ಬಳಕೆದಾರ ಹೆಸರಲ್ಲಿ ಓಡುತ್ತಿದೆ ಎಂದು ಪಿಎಸ್ ಆಜ್ಞೆಯಿಂದ ನೋಡಿಕೊಂಡು, ಚೌನ್‌ನಿಂದ ಫೋಲ್ಡರಿನ ಒಡೆತನ ಅದಕ್ಕೆ ಕೊಡಿ.

ಈಗ ಇಟಿಸಿ ಫೋಲ್ಡರಿನ ಸ್ನ್ಯಾಪ್‌ಸರ್ವರ್ ಡಾಟ್ ಕಾನ್ಫ್ ತೆರೆದು ಸ್ಟ್ರೀಮ್ ಎಂಬ ವಿಭಾಗಕ್ಕೆ ಹೋಗಿ. ಸೋರ್ಸ್ ಸಾಲಿನಲ್ಲಿ ಪೈಪ್ ಎಂಬುದರ ಮುಂದಿನ ದಾರಿಯನ್ನು ಹೊಸ ಜಾಗಕ್ಕೆ ತಿದ್ದಿ. ಸ್ಯಾಂಪಲ್‌ಫಾರ್ಮ್ಯಾಟ್ 48000:16:2, ಕೋಡೆಕ್ (ಕುಗ್ಗಿಸುವ ಬಗೆ) ಫ್ಲ್ಯಾಕ್, ಬಫರ್ (ಆ ಒಂದು ಸೆಕೆಂಡಿನ ಕೂಡಿಕೆ, ಮಿಲಿಸೆಕೆಂಡಿನಲ್ಲಿ) 1000 ಇವು ಮೊದಲೇ ಇರುವ ಬೆಲೆಗಳು, ಸದ್ಯಕ್ಕೆ ಮುಟ್ಟಬೇಡಿ.

ಎಂಪಿಡಿ ಡಾಟ್ ಕಾನ್ಫ್‌ನಲ್ಲಿ ಆಡಿಯೊ ಅಂಡರ್‌ಸ್ಕೋರ್ ಔಟ್‌ಪುಟ್ ಎಂಬ ಹೊಸ ಕಂತೆ ಬರೆಯಿರಿ: ಟೈಪ್ ಫೈಫೋ, ನೇಮ್ ನಿಮಗಿಷ್ಟ ಬಂದದ್ದು, ಪಾತ್ ಮೇಲಿನದೇ ಪೈಪಿನ ದಾರಿ, ಫಾರ್ಮ್ಯಾಟ್ 48000:16:2, ಮಿಕ್ಸರ್ ಅಂಡರ್‌ಸ್ಕೋರ್ ಟೈಪ್ ಸಾಫ್ಟ್‌ವೇರ್. ಅಲ್ಲಿದ್ದ, ನೇರ ಸೌಂಡ್ ಕಾರ್ಡಿಗೆ ಹೋಗುವ ಆಲ್ಸಾ ಔಟ್‌ಪುಟ್ ಕಂತೆಯನ್ನು ಮುಚ್ಚಿಬಿಡಿ. ಇಲ್ಲವಾದರೆ ಸರ್ವರ್ ತನ್ನ ಸ್ವಂತ ಸ್ಪೀಕರಿನಲ್ಲಿ ಎಲ್ಲರಿಗಿಂತ ಒಂದು ಸೆಕೆಂಡ್ ಮೊದಲೇ ಹಾಡುತ್ತದೆ. ಸರ್ವರ್ ಇರುವ ಕೋಣೆಯಲ್ಲೂ ಸದ್ದು ಬೇಕಿದ್ದರೆ ಅಲ್ಲೂ ಒಂದು ಸ್ನ್ಯಾಪ್‌ಕ್ಲೈಂಟ್ ಹಾಕಬೇಕು, ಯಜಮಾನನಿಗೂ ಸಾಲಿನಲ್ಲಿ ನಿಲ್ಲುವುದೇ ನಿಯಮ.

ಫಾರ್ಮ್ಯಾಟ್ ಸಾಲು ಮರೆತರೆ ಏನಾಗುತ್ತದೆ? ಸಿಡಿಯಿಂದ ಬಂದ ಹಾಡು ಸೆಕೆಂಡಿಗೆ 44,100 ಸ್ಯಾಂಪಲ್‌ನದು. ಪೈಪಿನ ಆ ಬದಿಯವನು ಅದನ್ನು 48,000 ಎಂದು ನಂಬಿ ಓಡಿಸುತ್ತಾನೆ. ಹಾಡು ಶೇಕಡ 8.8 ವೇಗವಾಗಿ, ಶ್ರುತಿ ಸುಮಾರು ಒಂದೂವರೆ ಅರ್ಧಸ್ವರ ಏರಿ ಬರುತ್ತದೆ. ಗಾಯಕರ ಗಂಟಲು ಏಕಾಏಕಿ ಎಳಸಾಗಿ ಕೇಳಿಸಿದರೆ ನೋಡಬೇಕಾದ ಜಾಗ ಇದೇ.

ಮೊದಲು ಸ್ನ್ಯಾಪ್‌ಸರ್ವರನ್ನು, ನಂತರ ಎಂಪಿಡಿಯನ್ನು ಮರುಶುರು ಮಾಡಿ. ಎಂಪಿಸಿ ಆ್ಯಡ್ ಎಂದು ಬರೆದು ಮುಂದೆ ರೇಡಿಯೊ ಸ್ಟ್ರೀಮಿನ ವಿಳಾಸ ಅಂಟಿಸಿ, ಎಂಪಿಸಿ ಪ್ಲೇ.

ಎಂಪಿಡಿ ಬೇಡ, ಬ್ರೌಸರಿನಲ್ಲಿ ಏನು ಓಡುತ್ತದೋ ಅದೇ ಮನೆಯೆಲ್ಲ ಕೇಳಬೇಕು ಅನ್ನುವವರು ಸರ್ವರ್ ಯಂತ್ರದ ಡೆಸ್ಕ್‌ಟಾಪಿನಲ್ಲಿ ಪ್ಯಾಕ್ಟ್‌ಎಲ್ ಆಜ್ಞೆಯಿಂದ ಮಾಡ್ಯೂಲ್ ಪೈಪ್ ಸಿಂಕ್ ಏರಿಸಬಹುದು. ಫೈಲ್ ಜಾಗದಲ್ಲಿ ಅದೇ ಪೈಪ್, ಫಾರ್ಮ್ಯಾಟ್ ಎಸ್16ಎಲ್‌ಇ, ರೇಟ್ 48000. ಸೌಂಡ್ ಸೆಟಿಂಗಿನಲ್ಲಿ ಹೊಸ ಸ್ಪೀಕರೊಂದು ಕಾಣಿಸಿಕೊಳ್ಳುತ್ತದೆ, ಅದನ್ನೇ ಆರಿಸಿ. ಎಂಪಿಡಿಯೂ ಇದೂ ಒಂದೇ ಪೈಪಿಗೆ ಏಕಕಾಲಕ್ಕೆ ಸುರಿದರೆ ಕರ್ಕಶ ಗೊರಗೊರ ಬಿಟ್ಟು ಬೇರೇನೂ ಬರದು. ಎರಡು ಮೂಲಗಳಿಗೆ ಎರಡು ಸೋರ್ಸ್ ಸಾಲು, ಎರಡು ಪೈಪ್.

ಕ್ಲೈಂಟುಗಳು

ಪ್ರತಿ ಕೋಣೆಯ ಯಂತ್ರದಲ್ಲಿ ಸ್ನ್ಯಾಪ್‌ಕ್ಲೈಂಟ್ ಹಾಕಿ. ಸರ್ವರಿನ ಆವೃತ್ತಿಯೂ ಕ್ಲೈಂಟಿನದೂ ಆದಷ್ಟು ಒಂದೇ ಇರಲಿ. ಸ್ನ್ಯಾಪ್‌ಕ್ಲೈಂಟ್ ಜೊತೆ ಅಡ್ಡಗೆರೆ ಎಲ್ ಕೊಟ್ಟರೆ ಆ ಯಂತ್ರದ ಸೌಂಡ್ ಕಾರ್ಡುಗಳ ಪಟ್ಟಿ ಬರುತ್ತದೆ. ಪೈಯಲ್ಲಿ ಎಚ್‌ಡಿಎಂಐ ಕೂಡ ಒಂದು ಸೌಂಡ್ ಕಾರ್ಡೇ. ಯಾವುದನ್ನೂ ಹೇಳದಿದ್ದರೆ ಸದ್ದು ಅಲ್ಲಿಗೆ ಹೋಗಿ, ಸ್ಪೀಕರ್ ಮೌನವಾಗಿರಬಹುದು. ಬೇಕಾದ ಕಾರ್ಡಿನ ಹೆಸರನ್ನು ಇಟಿಸಿಯೊಳಗಿನ ಡಿಫಾಲ್ಟ್ ಫೋಲ್ಡರಿನ ಸ್ನ್ಯಾಪ್‌ಕ್ಲೈಂಟ್ ಕಡತದ ಆಪ್ಟ್ಸ್ ಸಾಲಿನಲ್ಲಿ ಸೌಂಡ್‌ಕಾರ್ಡ್ ಆಯ್ಕೆಯಾಗಿ ಬರೆಯಿರಿ. ಸಂಖ್ಯೆ ಬೇಡ, ಹೆಸರೇ ಇರಲಿ. ಕರೆಂಟ್ ಹೋಗಿ ಬಂದಾಗ ಯುಎಸ್‌ಬಿ ಕಾರ್ಡುಗಳ ಸಂಖ್ಯೆ ಅದಲುಬದಲಾಗುತ್ತದೆ.

ಅದೇ ಸಾಲಿನಲ್ಲಿ ಹೋಸ್ಟ್‌ಐಡಿ ಆಯ್ಕೆಗೆ ಅಡುಗೆಮನೆ, ಮಹಡಿ ಎಂಬಂತೆ ಒಂದೊಂದು ಹೆಸರು ಕೊಡಿ. ಕೊಡದಿದ್ದರೆ ಸ್ನ್ಯಾಪ್‌ಕಾಸ್ಟ್ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಗುರುತಾಗಿ ಹಿಡಿಯುತ್ತದೆ. ನಾಳೆ ವೈ-ಫೈ ಬಿಟ್ಟು ವೈರ್ ಚುಚ್ಚಿದರೆ ಅದು ಹೊಸ ಯಂತ್ರ ಎಂದುಕೊಂಡು, ನೀವು ಕಷ್ಟಪಟ್ಟು ಹೊಂದಿಸಿದ ತಡ, ವಾಲ್ಯೂಮ್ ಎಲ್ಲ ಮರೆಯುತ್ತದೆ. ಸರ್ವರನ್ನು ಅದು ಅವಾಹಿ (ಮನೆಯ ನೆಟ್‌ವರ್ಕಿನಲ್ಲಿ ಸೇವೆಗಳನ್ನು ಪತ್ತೆಹಚ್ಚುವ ತಂತ್ರಾಂಶ) ಮೂಲಕ ತಾನೇ ಹುಡುಕುತ್ತದೆ. ಸಿಗದಿದ್ದರೆ 192.168.1.10 ಎಂದು ಕೈಯಿಂದಲೇ ಕೊಡಿ (ಹಳೆಯ ಆವೃತ್ತಿಗೆ ಹೋಸ್ಟ್ ಆಯ್ಕೆ, ಹೊಸದಕ್ಕೆ ಟಿಸಿಪಿ ಎಂದು ಶುರುವಾಗುವ ವಿಳಾಸ, ಹೆಲ್ಪ್ ಕೇಳಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ). ಸರ್ವರಿನಲ್ಲಿ ಫೈರ್‌ವಾಲ್ ಇದ್ದರೆ ಧ್ವನಿಗೆ 1704, ನಿಯಂತ್ರಣಕ್ಕೆ 1705, ಬ್ರೌಸರಿನ ಪುಟಕ್ಕೆ 1780 ಈ ಮೂರು ಟಿಸಿಪಿ ಬಾಗಿಲುಗಳನ್ನೂ ಅವಾಹಿಗೆ ಯುಡಿಪಿ 5353ನ್ನೂ ತೆರೆಯಿರಿ.

ಡೆಸ್ಕ್‌ಟಾಪ್ ಇರುವ ಲ್ಯಾಪ್‌ಟಾಪ್ ಕ್ಲೈಂಟ್ ಆದಾಗ ಇನ್ನೊಂದು ಜಗಳ. ಸ್ನ್ಯಾಪ್‌ಕ್ಲೈಂಟ್ ಸೇವೆ ತನ್ನದೇ ಬಳಕೆದಾರ ಹೆಸರಲ್ಲಿ ಓಡುತ್ತ ಸೌಂಡ್ ಕಾರ್ಡನ್ನು ನೇರ ಹಿಡಿಯುತ್ತದೆ. ನೀವು ಲಾಗಿನ್ ಆದೊಡನೆ ಡೆಸ್ಕ್‌ಟಾಪಿನ ಸದ್ದು ನೋಡಿಕೊಳ್ಳುವ ಪೈಪ್‌ವೈರ್ ಕೂಡ ಅದನ್ನೇ ಕೇಳುತ್ತದೆ. ಒಬ್ಬರಿಗೆ ಸಿಕ್ಕಿದರೆ ಇನ್ನೊಬ್ಬರಿಗೆ ಡಿವೈಸ್ ಬಿಝಿ. ಆ ಯಂತ್ರದಲ್ಲಿ ಸೇವೆಯನ್ನು ನಿಲ್ಲಿಸಿ, ನಿಮ್ಮ ಲಾಗಿನ್ ಜೊತೆಗೇ ಶುರುವಾಗುವಂತೆ ಸ್ನ್ಯಾಪ್‌ಕ್ಲೈಂಟನ್ನು ಪ್ಲೇಯರ್ ಪಲ್ಸ್ ಎಂಬ ಆಯ್ಕೆಯೊಂದಿಗೆ ಓಡಿಸಿ. ಪೈಯಲ್ಲಿ ಈ ಗೋಜೇ ಬೇಡ, ಡೆಸ್ಕ್‌ಟಾಪ್ ಇಲ್ಲದ ಲೈಟ್ ಓಎಸ್ ಹಾಕಿ.

ಈಗ ಯಾವುದಾದರೂ ಫೋನಿನ ಬ್ರೌಸರಿನಲ್ಲಿ 192.168.1.10:1780 ತೆರೆದರೆ ಸ್ನ್ಯಾಪ್‌ವೆಬ್ ಪುಟದಲ್ಲಿ ಎಲ್ಲ ಕೋಣೆಗಳೂ ಒಂದೊಂದು ವಾಲ್ಯೂಮ್ ಪಟ್ಟಿಯೊಂದಿಗೆ ಕಾಣುತ್ತವೆ. ಪುಟ ಖಾಲಿ ಬಂದರೆ ನಿಮ್ಮ ಪ್ಯಾಕೇಜಿನಲ್ಲಿ ಸ್ನ್ಯಾಪ್‌ವೆಬ್ ಸೇರಿಲ್ಲ ಎಂದರ್ಥ, ಗಿಟ್‌ಹಬ್‌ನಿಂದ ಬೇರೆಯಾಗಿ ತಂದು ಹಾಕಬೇಕು.

ಸ್ಪೀಕರಿನ ತಡವನ್ನು ಅಳೆಯುವುದು

ಎಲ್ಲ ಸರಿಯಾಗಿ ಹೂಡಿದ ಮೇಲೂ ಟಿವಿಯ ಸದ್ದು ಹಿಂದೆ ಬಿದ್ದಿರುತ್ತದೆ. ಸ್ನ್ಯಾಪ್‌ಕಾಸ್ಟಿನ ಕೈ ಸೌಂಡ್ ಕಾರ್ಡಿನವರೆಗೆ ಮಾತ್ರ. ಅಲ್ಲಿಂದಾಚೆ ಟಿವಿಯೋ ಸೌಂಡ್‌ಬಾರೋ ಸದ್ದಿಗೆ ಮೆರುಗು ಹಾಕುತ್ತ ಎಷ್ಟು ಹೊತ್ತು ಕೂತಿತು ಎಂದು ಅದಕ್ಕೆ ತಿಳಿಯದು. ಅದನ್ನು ನೀವೇ ಅಳೆದು ಹೇಳಬೇಕು. ಬೇಕಾದದ್ದು ಒಂದು ಫೋನ್, ಒಂದು ಅಳತೆ ಟೇಪ್, ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿ.

ಆಡಾಸಿಟಿಯ ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಇದೆ. ನಿಮಿಷಕ್ಕೆ 60 ಪೆಟ್ಟಿನಂತೆ ಒಂದೆರಡು ನಿಮಿಷ ಮಾಡಿಕೊಂಡು ಎಂಪಿಡಿಗೆ ಕೊಡಿ. ಪೆಟ್ಟುಗಳ ನಡುವೆ ಪೂರ್ತಿ ಒಂದು ಸೆಕೆಂಡ್ ಇದ್ದರೆ ಯಾವ ಪೆಟ್ಟಿಗೆ ಯಾವುದು ಜೋಡಿ ಎಂಬ ಗೊಂದಲ ಬರದು. ಎರಡೇ ಕೋಣೆ ಆನ್ ಇರಲಿ: ಆಕ್ಸ್ ವೈರಿನ ಮಾಮೂಲಿ ಸ್ಪೀಕರ್ ಇರುವುದೊಂದು, ಸಂಶಯದ್ದೊಂದು. ಫೋನನ್ನು ಎರಡೂ ಕೇಳುವ ಜಾಗದಲ್ಲಿಟ್ಟು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಡಾಸಿಟಿಯಲ್ಲಿ ತೆರೆದು ದೊಡ್ಡದು ಮಾಡಿದರೆ ಪ್ರತಿ ಸೆಕೆಂಡಿಗೂ ಎರಡೆರಡು ಮುಳ್ಳು ಕಾಣುತ್ತವೆ. ಯಾವುದು ಯಾರದೆಂದು ಗೊತ್ತಾಗಲು ರೆಕಾರ್ಡಿಂಗ್ ನಡುವೆ ಒಂದು ಕೋಣೆಯ ವಾಲ್ಯೂಮನ್ನು ಕಾಲುಭಾಗಕ್ಕೆ ಇಳಿಸಿ. ಕುಗ್ಗಿದ ಮುಳ್ಳು ಅದರದು.

ಒಂದು ಲೆಕ್ಕ ನೋಡಿ. ಅಡುಗೆಮನೆಯ ಮುಳ್ಳು 3.131 ಸೆಕೆಂಡಿನಲ್ಲಿ, ಹಾಲ್‌ನ ಟಿವಿಯದು 3.212ರಲ್ಲಿ. ಅಂತರ 81 ಮಿಲಿಸೆಕೆಂಡ್. ಆದರೆ ಫೋನ್ ಅಡುಗೆಮನೆ ಸ್ಪೀಕರಿನಿಂದ ಅರ್ಧ ಮೀಟರ್, ಟಿವಿಯಿಂದ 3.4 ಮೀಟರ್ ದೂರದಲ್ಲಿತ್ತು. ಹೆಚ್ಚುವರಿ 2.9 ಮೀಟರ್ ಗಾಳಿಯಲ್ಲಿ ಬರಲು ಹಿಡಿದದ್ದು ಸುಮಾರು 8 ಮಿಲಿಸೆಕೆಂಡ್. ಅದನ್ನು ಕಳೆದರೆ ಟಿವಿಯ ಸ್ವಂತ ತಡ 73. ಸ್ನ್ಯಾಪ್‌ವೆಬ್‌ನಲ್ಲಿ ಟಿವಿಗೆ ಕೂಡಿದ ಕ್ಲೈಂಟಿನ ವಿವರ ತೆರೆದು ಲೇಟೆನ್ಸಿ ಜಾಗದಲ್ಲಿ 73 ಬರೆಯಿರಿ. ಅಷ್ಟು ಮುಂಚೆಯೇ ಅದು ನುಡಿಸಲು ಶುರು ಮಾಡುತ್ತದೆ. ಮತ್ತೆ ರೆಕಾರ್ಡ್ ಮಾಡಿ. ಈಗ ಅಂತರ 8ರ ಆಸುಪಾಸು ಬರಬೇಕು. ಬದಲಿಗೆ 150 ಬಂದರೆ ಎರಡು ಮುಳ್ಳುಗಳನ್ನು ಅದಲುಬದಲಾಗಿ ಓದಿ, ತಪ್ಪು ಕ್ಲೈಂಟಿಗೆ ಬರೆದಿದ್ದೀರಿ.

ಅಳೆಯುವ ಮೊದಲೇ ಟಿವಿಯನ್ನು ಗೇಮ್ ಮೋಡಿಗೆ ಹಾಕಿ, ಸರೌಂಡ್ ಮುಂತಾದ ಅಲಂಕಾರ ತೆಗೆಯಿರಿ. ಆಮೇಲೆ ಯಾರಾದರೂ ಮೋಡ್ ಬದಲಿಸಿದರೆ ಸಂಖ್ಯೆ ಕೆಡುತ್ತದೆ. ಹತ್ತಾರು ಪೆಟ್ಟುಗಳ ಉದ್ದಕ್ಕೂ ಅಂತರ ಒಂದೇ ಇದೆಯೇ ಎಂದೂ ನೋಡಿ. ಮೊದಲ ಪೆಟ್ಟಿನಲ್ಲಿ 81, ಮೂವತ್ತನೆಯದರಲ್ಲಿ 95 ಇದ್ದರೆ ಅದು ತಿದ್ದಬಹುದಾದ ತಡವಲ್ಲ, ಎಲ್ಲೋ ಜಾರುತ್ತಿದೆ. ಬಹುಮಟ್ಟಿಗೆ ನಡುವೆ ಬ್ಲೂಟೂತ್ ಇರುತ್ತದೆ.

ಕೈಕೊಟ್ಟಾಗ

ಒಂದೇ ಕೋಣೆಯಲ್ಲಿ ಸದ್ದು ಕಡಿಯುತ್ತಿದ್ದರೆ ಆ ಕೋಣೆಯ ವೈ-ಫೈ, ಎಲ್ಲ ಕೋಣೆಯಲ್ಲೂ ಒಟ್ಟಿಗೆ ಕಡಿದರೆ ಸರ್ವರ್ ಅಥವಾ ಹೊರಗಿನ ಸ್ಟ್ರೀಮ್. ಈ ಒಂದು ಭೇದ ಅರ್ಧ ಹುಡುಕಾಟ ಉಳಿಸುತ್ತದೆ. ವೈ-ಫೈ ಸುಧಾರಿಸಲು ದಾರಿಯಿಲ್ಲದಿದ್ದರೆ ಬಫರನ್ನು 1500ಕ್ಕೆ ಏರಿಸಿ. ಓಪಸ್ ಕೋಡೆಕ್‌ಗೆ ಹೋಗಿ ಭಾರ ಇಳಿಸಬಹುದು, ಅದು 48 ಕಿಲೋಹರ್ಟ್ಸ್ ಮಾತ್ರ ಒಪ್ಪುತ್ತದೆ.

ಪೈಯಲ್ಲಿ ಪಟಪಟ ಎಂದು ಸಿಡಿಯುವ ಸದ್ದು ಬಂದರೆ ಮೊದಲು ಚಾರ್ಜರ್ ಬದಲಿಸಿ. ಹಳೆಯ ಫೋನ್ ಚಾರ್ಜರಿನಲ್ಲಿ ವೋಲ್ಟೇಜ್ ಬಿದ್ದು ಪೈ ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಸದಾ ಗುಂಯ್ ಎನ್ನುವುದು ಬೇರೆ ಕಾಯಿಲೆ: ಪೈಗೂ ಆಂಪ್ಲಿಫೈಯರಿಗೂ ಬೇರೆಬೇರೆ ಪ್ಲಗ್‌ನಿಂದ ಅರ್ಥಿಂಗ್ ಬಂದು ಸುತ್ತು ಹಾಕಿಕೊಂಡಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ, ಹೋಗದಿದ್ದರೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ. ಅರ್ಥ್ ಪಿನ್ ಮುರಿದುಹಾಕುವ ಮನೆಮದ್ದು ಮಾತ್ರ ಬೇಡವೇ ಬೇಡ.

ಕರೆಂಟ್ ಹೋದಾಗ ಸರ್ವರ್, ರೌಟರ್, ಫೈಬರ್ ಡಬ್ಬ ಮೂರೂ ಇನ್ವರ್ಟರ್ ಲೈನಿನಲ್ಲಿದ್ದರೆ ಕೋಣೆಯ ಪೈಗಳು ಆರಿ ಹತ್ತಿದರೂ ತಾವಾಗಿ ಬಂದು ಸೇರಿಕೊಳ್ಳುತ್ತವೆ. ಪೈಯ ಗಡಿಯಾರ ತಪ್ಪು ದಿನಾಂಕ ತೋರಿಸಿದರೂ ಹೊಂದಿಕೆಗೆ ಅಡ್ಡಿಯಿಲ್ಲ, ಸರ್ವರ್ ಜೊತೆಗಿನ ವ್ಯತ್ಯಾಸವಷ್ಟೇ ಅದಕ್ಕೆ ಬೇಕು.

ವಿಡಿಯೊ ನೋಡುವಾಗ

ಸರ್ವರ್ ಯಂತ್ರದಲ್ಲೇ ಸಿನಿಮಾ ಹಾಕಿ ಸದ್ದನ್ನು ಸ್ನ್ಯಾಪ್‌ಕಾಸ್ಟಿಗೆ ಕೊಟ್ಟರೆ ತುಟಿ ಆಡಿ ಒಂದು ಸೆಕೆಂಡಿಗೆ ಮಾತು ಬರುತ್ತದೆ. ಎಂಪಿವಿ ಪ್ಲೇಯರಿನಲ್ಲಿ ಆಡಿಯೊ ಡಿಲೇ ಆಯ್ಕೆಗೆ ಮೈನಸ್ 1.0 ಕೊಟ್ಟು ಅಲ್ಲಿಂದ ಚೂರುಚೂರು ತಿದ್ದಿ. ವಿಎಲ್‌ಸಿಯಲ್ಲಿ ಜೆ, ಕೆ ಕೀಲಿಗಳು 50 ಮಿಲಿಸೆಕೆಂಡಿನಂತೆ ಸರಿಸುತ್ತವೆ. ಎಲ್ಲ ಕ್ಲೈಂಟುಗಳೂ ವೈರಿನಲ್ಲಿದ್ದರೆ ಬಫರನ್ನು 400ಕ್ಕೆ ಇಳಿಸಿ ಈ ಹೊರೆ ಕಡಿಮೆ ಮಾಡಬಹುದು. ಬ್ರೌಸರಿನಲ್ಲಿ ಓಡುವ ವಿಡಿಯೊಗೆ ಸುಲಭದ ದಾರಿಯಿಲ್ಲ.

ಕ್ರಿಕೆಟ್ ಕಾಮೆಂಟರಿಗೂ ಇದನ್ನು ನೆಚ್ಚಬೇಡಿ. ಇಂಟರ್ನೆಟ್ ಸ್ಟ್ರೀಮ್ ಮನೆಗೆ ಬರುವಷ್ಟರಲ್ಲೇ ಹತ್ತಾರು ಸೆಕೆಂಡ್ ಹಿಂದೆ ಬಿದ್ದಿರುತ್ತದೆ, ಅದರ ಮೇಲೆ ನಿಮ್ಮದೊಂದು ಸೆಕೆಂಡ್. ವಿಕೆಟ್ ಬಿದ್ದದ್ದು ಪಕ್ಕದ ಮನೆಯ ಕೂಗಿನಿಂದಲೇ ಮೊದಲು ಗೊತ್ತಾಗುತ್ತದೆ. ಮನೆಯ ನಾಲ್ಕೂ ಕೋಣೆಗಳಲ್ಲಿ ಏಕಕಾಲಕ್ಕೆ ತಡವಾಗಿ ಗೊತ್ತಾಗುತ್ತದೆ, ಅಷ್ಟೇ.